ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬಾರದೇ ಹೋದ ಬೆಟ್ಟ

ಪ್ಯಾಕಿಂಗ್ ವಿಭಾಗದ ಘನತೆವೆತ್ತ ಮುಖ್ಯಸ್ಥರಿಗೆ,

ವಿಷಯ: ಚೆನ್ನಾಗಿ ಕೆಲಸ ಮಾಡುತ್ತಿರುವ ಫ್ರಿಜ್ಜಿನ ಕುರಿತು ಸಲ್ಲಿಸಲಾಗುತ್ತಿರುವ ದೂರು.

ಮಾನ್ಯರೇ,

ತಮಗೂ, ತಮ್ಮ ಕುಟುಂಬವರ್ಗದವರಿಗೂ, ತಮ್ಮ ಕೈಕೆಳಗೆ ಬೆಳಗಿನಿಂದ ಸಂಜೆಯವರೆಗೆ ರಟ್ಟು ಮಡಚುತ್ತಿರುವ ಸಮಸ್ತ ಸಿಬ್ಬಂದಿಗೂ ನನ್ನ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ಕಳೆದ ತಿಂಗಳು ತಾವು ಕಳುಹಿಸಿಕೊಟ್ಟ ಎರಡು ಬಾಗಿಲಿನ ಫ್ರಿಜ್ಜೂ ಕ್ಷೇಮವಾಗಿದೆ. ಹಾಲು ಕೆಡುತ್ತಿಲ್ಲ, ಸೊಪ್ಪು ಬಾಡುತ್ತಿಲ್ಲ, ಐಸು ಐಸಿನಂತೆಯೇ ಇದೆ. ಅದರ ಮೇಲೆ ನನ್ನದೇನೂ ತಕರಾರಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಮ್ಮ ಗ್ರಾಹಕ ಸೇವೆಯವರಿಗೆ ಈ ಒಂದು ಮಾತನ್ನು ಅರ್ಥ ಮಾಡಿಸುವಷ್ಟರಲ್ಲಿ ನನ್ನ ಹಲ್ಲು ಸವೆದುಹೋಗಿದೆ. ಹಲ್ಲಿನ ವಿಷಯದಲ್ಲಿ ನಾನು ಉತ್ಪ್ರೇಕ್ಷೆ ಮಾಡುವವನಲ್ಲ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ತಯಾರಿಸುವುದೇ ನನ್ನ ಉದ್ಯೋಗ.

ನನ್ನ ದೂರು ಇರುವುದು ಫ್ರಿಜ್ಜನ್ನು ಸುತ್ತಿಕೊಂಡು ಬಂದದ್ದರ ಮೇಲೆ. ಇನ್ನೂ ನಿಖರವಾಗಿ ಹೇಳಬೇಕೆಂದರೆ, ಸುತ್ತಿಕೊಂಡು ಬಾರದೇ ಹೋದದ್ದರ ಮೇಲೆ. ಥರ್ಮೋಕೋಲು ಎಲ್ಲಿ, ಮಾನ್ಯರೇ?

ಸ್ವಲ್ಪ ವಿವರಿಸಲು ಅಪ್ಪಣೆ ಕೊಡಬೇಕು. ಜಗತ್ತಿನಲ್ಲಿ ಕೆಲವು ವಯಸ್ಕರು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೈನಿಕರ ಬೊಂಬೆಗಳಿಗೆ ಬಣ್ಣ ಬಳಿದು, ಅವರನ್ನು ಮೇಜಿನ ಮೇಲೆ ಎರಡು ಪಾಳಯಗಳಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು ಅಳೆದು ಮುಂದಕ್ಕೆ ಸರಿಸಿ, ದಾಳ ಉರುಳಿಸಿ ಯುದ್ಧ ಮಾಡುತ್ತಾರೆ. ಬರೀ ಮೇಜಿನ ಮೇಲೆ ನಡೆದರೆ ಅದು ದಾಳದಾಟ ಅಷ್ಟೆ. ಅಡಗಿಕೊಳ್ಳಲು ಒಂದು ಮುರುಕು ಗೋಡೆ, ದಾಟಲು ಒಂದು ಹಳ್ಳ, ಏದುಸಿರು ಬಿಡುತ್ತ ಹತ್ತಲು ಒಂದು ಬೆಟ್ಟ ಇದ್ದರೆ ಮಾತ್ರ ಅದು ಯುದ್ಧ ಅನ್ನಿಸಿಕೊಳ್ಳುತ್ತದೆ. ಆ ಗೋಡೆ, ಹಳ್ಳ, ಬೆಟ್ಟಗಳನ್ನು ಕಟ್ಟುವುದು ನನಗೆ ಹಿಡಿದ ಹುಚ್ಚು. ಯುದ್ಧ ಗೆಲ್ಲುವುದು ನನ್ನಿಂದ ಆಗದ ಕೆಲಸವಾದ್ದರಿಂದ, ಯುದ್ಧಭೂಮಿಯಾದರೂ ನನ್ನದಾಗಿರಲಿ ಎಂದುಕೊಂಡು ಇದನ್ನು ಹಿಡಿದೆ.

ಈ ಹುಚ್ಚಿಗೆ ಒಂದು ಮರ್ಯಾದೆ ಇದೆ: ಏನನ್ನೂ ಅಂಗಡಿಯಿಂದ ಕೊಳ್ಳಬಾರದು. ಸೋಸಿ ಬಿಟ್ಟ ಚಹಾಪುಡಿಯನ್ನು ಒಣಗಿಸಿ ಗೋಂದಿನ ಮೇಲೆ ಉದುರಿಸಿದರೆ ಕಾಡಿನ ನೆಲ ಸಿದ್ಧವಾಗುತ್ತದೆ. ಪಾತ್ರೆ ಉಜ್ಜುವ ಸ್ಪಂಜನ್ನು ಚೂರುಚೂರು ಮಾಡಿ ಹಸಿರಿನಲ್ಲಿ ಅದ್ದಿದರೆ ಪೊದೆ, ಸವೆದ ಟೂತ್‌ಬ್ರಷ್ಷಿನ ಕೂದಲು ಕಿತ್ತು ನೆಟ್ಟರೆ ಜೊಂಡು, ಔಷಧಿ ಬಾಟಲಿಯ ಮುಚ್ಚಳವನ್ನು ಬೋರಲು ಹಾಕಿದರೆ ಬಾವಿಕಟ್ಟೆ. ಬಂಡೆಗಳಿಗೆ ನನ್ನ ಕ್ಲಿನಿಕ್ಕಿನಲ್ಲಿ ಉಳಿದ ಪ್ಲಾಸ್ಟರು ಇದ್ದೇ ಇದೆ. ಅಚ್ಚು ತಪ್ಪಿದ ದವಡೆಗಳನ್ನು ಸುತ್ತಿಗೆಯಿಂದ ಕುಟ್ಟಿ, ಕಪ್ಪು ಬಳಿದು, ಒಣಗಿದ ಮೇಲೆ ಬ್ರಷ್ಷಿನಲ್ಲಿರುವ ಬೂದುಬಣ್ಣವನ್ನು ಬಟ್ಟೆಗೆ ಒರೆಸಿ ಒರೆಸಿ ಇನ್ನೇನು ಮುಗಿದೇಹೋಯಿತು ಅನ್ನುವಾಗ ಅಂಚುಗಳಿಗೆ ಮಾತ್ರ ಸವರಿದರೆ, ಸಾವಿರಾರು ವರ್ಷ ಗಾಳಿ ತಿಂದ ಕಲ್ಲಿನಂತೆ ಕಾಣುತ್ತವೆ. ತೀರಾ ಹತ್ತಿರದಿಂದ ನೋಡಿದರೆ ಒಂದೆರಡು ಬಂಡೆಗಳಲ್ಲಿ ಯಾರದೋ ದವಡೆಹಲ್ಲು ಕಾಣುವುದುಂಟು, ಆದರೆ ಯುದ್ಧದಲ್ಲಿರುವವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

ಆದರೆ ಈ ಎಲ್ಲದಕ್ಕೂ ತಳಪಾಯ ತಾವು. ಮುಖಸ್ತುತಿ ಮಾಡುತ್ತಿಲ್ಲ, ಮಾನ್ಯರೇ. ತಮ್ಮ ಹಳೆಯ ಟಿವಿಯ ನಾಲ್ಕು ಮೂಲೆಗಳಿಗೆ ಸಿಕ್ಕಿಸಿ ಬರುತ್ತಿದ್ದ ಥರ್ಮೋಕೋಲಿನ ತುಂಡುಗಳು ಯಾವ ವಾಸ್ತುಶಿಲ್ಪಿಯೂ ಯೋಚಿಸಲಾಗದಂಥ ಪಾಳುಮನೆಗಳಾಗಿದ್ದವು. ಕಿಟಕಿ ಕೊರೆದು ಒಂದು ಬಾಗಿಲು ಗೀಚಿದರೆ ಒಳಗೆ ಹತ್ತು ಮಂದಿ ಸೈನಿಕರು ಹಾಯಾಗಿ ಸಾಯಬಹುದಿತ್ತು. ವಾಷಿಂಗ್ ಮೆಷಿನ್ನಿನ ಅಡಿಗೆ ಬರುತ್ತಿದ್ದದ್ದು ಸಾಕ್ಷಾತ್ ದುಂಡು ಕೋಟೆ. ಅಂಗಡಿಗೆ ಹೋದರೆ ನಾನು ಯಂತ್ರ ನೋಡುವವನೇ ಅಲ್ಲ, ಪೆಟ್ಟಿಗೆ ಬಿಚ್ಚಿ ತೋರಿಸಿ ಅನ್ನುವವನು. ಬೇರೆ ಕಂಪನಿಗಳವರೂ ಥರ್ಮೋಕೋಲು ಇಡುತ್ತಾರೆ, ಇಲ್ಲವೆನ್ನುವುದಿಲ್ಲ, ಆದರೆ ಅವರದು ಬರೀ ಚಪ್ಪಟೆ ಹಲಗೆ. ತಮ್ಮಲ್ಲಿ ಯಾರೋ ಒಬ್ಬ ಪುಣ್ಯಾತ್ಮ, ತನಗೇ ಗೊತ್ತಿಲ್ಲದೆ, ಯುದ್ಧ ಕಂಡವನಿದ್ದ. ಅವನೀಗ ನಿವೃತ್ತನಾಗಿರಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಯವರು, ಎಂದರೆ ನನ್ನ ಹೆಂಡತಿಯ ತಾಯಿ, ಮೊಣಕಾಲಿನ ಆಪರೇಷನ್ ಆದ ಮೇಲೆ ನಮ್ಮ ಮನೆಗೆ ಬಂದರು. ಕೆಲಸದಲ್ಲಿದ್ದಾಗ ಅವರು ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವ ದಾರಿಯಲ್ಲಿ ಯಾವಾಗ ಹೊರಡಬೇಕೆಂದು ತೀರ್ಮಾನಿಸುವ ಕುರ್ಚಿಯಲ್ಲಿ ಕೂತಿದ್ದವರು. ಅವರ ಕಾಲದ ಡ್ರೈವರುಗಳು ಇವತ್ತಿಗೂ ಅವರನ್ನು ಬೀದಿಯಲ್ಲಿ ಕಂಡರೆ ಸುಮ್ಮಸುಮ್ಮನೆ ವೇಗ ತಗ್ಗಿಸುತ್ತಾರೆ. ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ, ಚಿಕ್ಕದು, ಲಿಫ್ಟು ಮನಸ್ಸು ಬಂದಾಗ ಮಾತ್ರ ಓಡಾಡುವಂಥದ್ದು. ಯುದ್ಧದ ಮೇಜಿದ್ದ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟೆವು. ಕೋಣೆಯ ಒಂದು ಬದಿಗೆ ಅವರ ಮಂಚ, ಇನ್ನೊಂದು ಬದಿಗೆ ನನ್ನ ಮೇಜು, ನಡುವೆ ಮಾತಿಲ್ಲ. ಅಳಿಯ ಅತ್ತೆಯೊಂದಿಗೆ ಏನು ಮಾತಾಡುತ್ತಾನೆ ಹೇಳಿ. ಊಟವಾಯಿತೇ ಎಂದು ನಾನು ಕೇಳುವುದು, ಆಯಿತು ಎಂದು ಅವರು ಹೇಳುವುದು, ಸದ್ಯ ಇವತ್ತಿನದು ಮುಗಿಯಿತೆಂದು ಇಬ್ಬರೂ ನಿಟ್ಟುಸಿರು ಬಿಡುವುದು.

ಹೀಗಿರುವಾಗ ಒಂದು ಸಂಜೆ ನಾನು ನನ್ನ ವಿರುದ್ಧ ನಾನೇ ಯುದ್ಧ ಮಾಡಿಕೊಂಡು ಎರಡೂ ಕಡೆಯಿಂದ ಸೋಲುತ್ತಿದ್ದಾಗ, ಮಂಚದ ಕಡೆಯಿಂದ ಒಂದು ಮಾತು ಬಂತು. ಆ ಸೇತುವೆಯ ಮೇಲೆ ಒಟ್ಟಿಗೆ ಅಷ್ಟು ಜನರನ್ನು ಬಿಟ್ಟರೆ ಟ್ರಾಫಿಕ್ ಜಾಮ್ ಆಗದೆ ಇನ್ನೇನಾಗುತ್ತದೆ ಎಂದು ಅತ್ತೆಯವರು ಕೇಳಿದರು. ಕೇಳಿ ಸುಮ್ಮನಾಗಲಿಲ್ಲ; ಊರುಗೋಲು ಹಿಡಿದು ಎದ್ದು ಬಂದು, ಕೆಂಪು ಪಾಳಯವನ್ನು ವಶಕ್ಕೆ ತೆಗೆದುಕೊಂಡರು. ಅಂದಿನಿಂದ ನನ್ನ ನೀಲಿ ಪಾಳಯಕ್ಕೆ ನೆಮ್ಮದಿಯಿಲ್ಲ. ಡಿಪೋದಲ್ಲಿ ಕಲಿತದ್ದೆಲ್ಲವನ್ನೂ ನನ್ನ ಮೇಲೆ ಪ್ರಯೋಗಿಸಿದರು. ಕೆಟ್ಟು ನಿಂತ ಬಸ್ಸಿನಂತೆ ನಾಲ್ಕೇ ನಾಲ್ಕು ಜನರನ್ನು ತಂದು ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸುವರು, ನನ್ನ ಇಡೀ ದಂಡು ಅದರ ಹಿಂದೆ ಸಾಲುಗಟ್ಟಿ ನಿಲ್ಲುವುದು, ಅಷ್ಟರಲ್ಲಿ ಅವರ ಕುದುರೆಗಳು ಸುತ್ತುಹಾದಿಯಲ್ಲಿ ಬಂದು ನನ್ನ ಬೆನ್ನು ಮುರಿಯುವುವು. ಮಣ್ಣು ಮುಕ್ಕಿಸಿದ ಮೇಲೆ ಒಂದು ಲೋಟ ಚಹಾ ಮಾಡಿಸಿಕೊಟ್ಟು, ನಾನು ಎಲ್ಲಿ ಎಡವಿದೆನೆಂದು ಸಮಾಧಾನವಾಗಿ ವಿವರಿಸುವರು. ಕ್ಲಿನಿಕ್ಕಿನಿಂದ ಬರುವಾಗ ನಾನು ಲಿಫ್ಟಿಗೂ ಕಾಯದೆ ಮೂರು ಮಹಡಿ ಏರಿಬಿಡುತ್ತಿದ್ದೆ, ಮಾನ್ಯರೇ. ನನ್ನನ್ನು ಅಷ್ಟು ಗಮನವಿಟ್ಟು ಸೋಲಿಸಿದವರು ಬದುಕಿನಲ್ಲಿ ಬೇರೆ ಯಾರೂ ಇಲ್ಲ.

ಅವರದೊಂದೇ ಆಕ್ಷೇಪ. ನನ್ನ ಬೆಟ್ಟ. ರಟ್ಟಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಆ ಬೆಟ್ಟವನ್ನು ಅವರು ಎಲ್ಲ ಕಡೆಯಿಂದಲೂ ನೋಡಿ, ಇದು ದಿಂಬಿನ ಹಾಗಿದೆ, ಬೆಟ್ಟ ಅಂದರೆ ಅದಕ್ಕೆ ಬೆನ್ನಿರಬೇಕು, ಹಿಂದೆ ಏನು ನಡೆಯುತ್ತಿದೆಯೆಂದು ಮುಂದಿನವರಿಗೆ ತಿಳಿಯಬಾರದು ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು. ನಾನೊಂದು ದೊಡ್ಡ ಬೆಟ್ಟ ಕಟ್ಟುವುದೆಂದೂ, ಅದಕ್ಕೆ ಹೊಂದುವ ಹಾಗೆ ಮೇಜನ್ನೇ ಬದಲಾಯಿಸುವುದೆಂದೂ ನಿಶ್ಚಯಿಸಿಕೊಂಡೆ. ನನ್ನ ಪ್ಯಾಂಟಿನ ಜೇಬಿನಲ್ಲಿ ಟೇಪು ಯಾವಾಗಲೂ ಇರುತ್ತದೆ. ಅತ್ತೆಯವರು ಹಜಾರದಲ್ಲಿ ಕೂತಿದ್ದಾಗ ಕೋಣೆಗೆ ಹೋಗಿ ಗೋಡೆ, ಮೇಜು, ಕುರ್ಚಿ, ಮಂಚದ ಉದ್ದ ಅಗಲ ಎತ್ತರ ಎಲ್ಲವನ್ನೂ ಅಳೆದು ಗುರುತು ಹಾಕಿಕೊಂಡೆ. ಯಾರಿಗೂ ಏನೂ ಹೇಳಲಿಲ್ಲ. ಆಶ್ಚರ್ಯಪಡಿಸಬೇಕೆಂಬ ಚಪಲ.

ಅದೇ ವಾರ, ಅತ್ತೆಯವರು ತಾವು ದೊಡ್ಡ ಮಗಳ ಮನೆಗೆ ಹೋಗುವುದಾಗಿ ಹೇಳಿದರು. ಸುಮ್ಮನೆ ನಾಲ್ಕು ದಿನಕ್ಕಲ್ಲ, ಇರುವುದಕ್ಕೇ. ತಿಂಗಳ ಕೊನೆಯ ಭಾನುವಾರ ದೊಡ್ಡ ಅಳಿಯ ಕಾರು ತರುವುದೆಂದು ಫೋನಿನಲ್ಲೇ ತೀರ್ಮಾನವಾಗಿಬಿಟ್ಟಿತ್ತು. ಆ ದೊಡ್ಡ ಅಳಿಯ ನನ್ನ ಷಡ್ಡಕ. ಮನುಷ್ಯ ಒಳ್ಳೆಯವನು, ತೊಂದರೆಯೇ ಅದು. ನೆಲಮಟ್ಟದ ಮನೆ, ಮುಂದೆ ತೋಟ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಆಗಲೇ ಸ್ಟೀಲಿನ ಕಂಬಿ ಹಾಕಿಸಿದ್ದಾನಂತೆ. ಎರಡು ವರ್ಷದಿಂದ ಕರೆಯುತ್ತಿದ್ದರೂ ನಗಾಡಿ ತಳ್ಳಿಹಾಕುತ್ತಿದ್ದ ಅತ್ತೆಯವರು ಈಗ ಏಕಾಏಕಿ ಒಪ್ಪಿಕೊಂಡದ್ದು ಯಾಕೆ? ಹೆಂಡತಿ ಕೇಳಿದ್ದಕ್ಕೆ ಮೆಟ್ಟಿಲು ಹತ್ತಲಾಗುವುದಿಲ್ಲ ಅಂದರಂತೆ. ಮೆಟ್ಟಿಲು ಮೊದಲೂ ಇದ್ದವಲ್ಲ ಎಂದು ಅವಳಿಗೆ ಅನ್ನಿಸಿತು. ನನಗೆ ಮಾತ್ರ ಕಾರಣ ಹಗಲಿನಷ್ಟು ನಿಚ್ಚಳವಾಗಿತ್ತು: ದಿಂಬಿನಂಥ ಬೆಟ್ಟದ ಮೇಲೆ ಎಷ್ಟು ದಿನ ಯುದ್ಧ ಮಾಡಿಯಾರು, ಅವರಿಗೆ ಬೇಸರ ಬಂದಿದೆ.

ಇರಿ ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಳಿಯನಾದವನು ಅತ್ತೆಗೆ ಹಾಗೆಲ್ಲ ಹೇಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ; ಹೇಳಿದರೆ ಮಗಳು ಹೇಳಿಕೊಟ್ಟಳೆಂದು ತಿಳಿಯುತ್ತಾರೆ, ಹೇಳದಿದ್ದರೆ ಬೇಡವೆಂದು ತಿಳಿಯುತ್ತಾರೆ. ಆದ್ದರಿಂದ ನಾನು ಬೆಟ್ಟದ ಮೂಲಕ ಹೇಳಲು ಹೊರಟೆ. ಎಂಥ ಬೆಟ್ಟವೆಂದರೆ, ಅದನ್ನು ಹಿಡಿಯಲು ತಿಂಗಳುಗಟ್ಟಲೆ ದಂಡಯಾತ್ರೆ ಬೇಕು. ದಂಡಯಾತ್ರೆಯ ನಡುವೆ ಸೇನಾಪತಿ ಗಂಟುಮೂಟೆ ಕಟ್ಟಿಕೊಂಡು ದೊಡ್ಡ ಮಗಳ ಮನೆಗೆ ಹೋದದ್ದನ್ನು ನಾನಂತೂ ಎಲ್ಲೂ ಕೇಳಿಲ್ಲ.

ಅಂಥ ಬೆಟ್ಟ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಕೆಳಮನೆಯ ದರ್ಜಿಯಮ್ಮ ತಮ್ಮ ಕಂಪನಿಯ ಇದೇ ಎರಡು ಬಾಗಿಲಿನ ಫ್ರಿಜ್ಜನ್ನು ಹಿಂದೊಮ್ಮೆ ತರಿಸಿದ್ದರು. ಅದರ ತಳದ ಥರ್ಮೋಕೋಲನ್ನು ನಾನು ಮೆಟ್ಟಿಲಲ್ಲಿ ನೋಡಿ ಮೈಮರೆತು ನಿಂತಿದ್ದೆ: ಮುಂದೆ ಮೂರು ಹಂತದ ಇಳಿಜಾರು, ಹಿಂದೆ ಯಂತ್ರದ ಉಬ್ಬು ಕೂರಲೆಂದು ಆಳವಾಗಿ ತೋಡಿದ ಪೊಟರೆ. ಅದೇ ಬೆನ್ನು! ನಾನು ಕೇಳಬೇಕೆನ್ನುವಷ್ಟರಲ್ಲಿ ದರ್ಜಿಯಮ್ಮ ಅದನ್ನು ಕತ್ತರಿಸಿ ಹೂಕುಂಡಗಳ ಕೆಳಗಿಟ್ಟುಬಿಟ್ಟಿದ್ದರು. ಪೇಟೆಯಲ್ಲಿ ಥರ್ಮೋಕೋಲಿನ ಹಲಗೆ ಕವಡೆ ಕಾಸಿಗೆ ಸಿಗುತ್ತದೆ, ನಿಜ, ಆದರೆ ನಮ್ಮ ಮರ್ಯಾದೆಯನ್ನು ಆಗಲೇ ಅರಿಕೆ ಮಾಡಿಕೊಂಡಿದ್ದೇನೆ, ಏನನ್ನೂ ಕೊಳ್ಳಬಾರದು. ಆದ್ದರಿಂದ ಹಲಗೆ ಕೊಳ್ಳದೆ ಫ್ರಿಜ್ಜು ಕೊಂಡೆ. ಬಾಗಿಲಿಗೆ ಲಾಡಿ ಬಿಗಿದ ಹಳೆಯ ಫ್ರಿಜ್ಜನ್ನು ಬದಲಾಯಿಸೋಣವೆಂದು ಹೆಂಡತಿ ಎಷ್ಟೋ ಕಾಲದಿಂದ ತಲೆ ತಿನ್ನುತ್ತಿದ್ದಳು, ನಾನು ಜಾಣಕಿವುಡನಾಗಿದ್ದೆ. ಈಗ ನಾನೇ ಮುಂದಾಗಿ ಹೋಗೋಣ ನಡಿ ಅಂದಾಗ ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ತಮ್ಮ ವಾಹನ ಬಂದ ದಿನ ನಾನು ರಜೆ ಹಾಕಿದ್ದೆ. ಹೊತ್ತು ತಂದವರು ಫ್ರಿಜ್ಜನ್ನು ಎಲ್ಲಿಡಬೇಕೆಂದು ಕೇಳಿದ್ದಕ್ಕೆ ಎಲ್ಲಾದರೂ ಇಡಿ, ಪೆಟ್ಟಿಗೆಗೆ ಪೆಟ್ಟಾಗದಿದ್ದರೆ ಸಾಕು ಅಂದೆ. ಮೇಣ ಕೆತ್ತುವ ನನ್ನ ಸಣ್ಣ ಚಾಕುವಿನಿಂದ ಅಂಟುಪಟ್ಟಿಯನ್ನು ಕೊಯ್ದು, ಉಸಿರು ಬಿಗಿಹಿಡಿದು ರಟ್ಟನ್ನು ಬಿಡಿಸಿದೆ. ಒಳಗೆ ಇನ್ನೊಂದು ರಟ್ಟು. ಅದರೊಳಗೆ ಮೊಟ್ಟೆಯ ತಟ್ಟೆಯ ಜಾತಿಗೆ ಸೇರಿದ, ಬೂದುಬಣ್ಣದ, ಗಂಜಿ ಹಾಕಿ ಒಣಗಿಸಿದಂಥ ಕಾಗದದ ಮುದ್ದೆ. ತಳದಲ್ಲೂ ಅದೇ. ಮೇಲೊಂದು ಹಸಿರು ಎಲೆಯ ಚಿತ್ರ, ಎಲೆಗೆ ಕಣ್ಣು ಬಾಯಿ, ಬಾಯಿತುಂಬ ನಗು. ಥರ್ಮೋಕೋಲನ್ನು ಬಿಟ್ಟು ಭೂಮಿಯನ್ನು ಉಳಿಸುತ್ತಿರುವುದಾಗಿ ಅದರ ಕೆಳಗೆ ಬರೆದಿತ್ತು. ನಾನು ಪೆಟ್ಟಿಗೆಯೊಳಗೆ ತಲೆ ತೂರಿಸಿ ಮೂಲೆ ಮೂಲೆಯನ್ನೂ ತಡಕಿದೆ. ಹೊತ್ತು ತಂದವರು ಅಕ್ಕಪಕ್ಕ ನೋಡಿ, ಫ್ರಿಜ್ಜಿಗೆ ಏನೂ ಆಗಿಲ್ಲ ಸ್ವಾಮಿ ಎಂದು ನನ್ನ ಬೆನ್ನು ಸವರಿದರು.

ಭೂಮಿಯ ಮೇಲಿನ ತಮ್ಮ ಕಾಳಜಿಗೆ ನಾನು ತಲೆಬಾಗುತ್ತೇನೆ. ಆದರೂ ಒಂದು ಅರಿಕೆ. ಥರ್ಮೋಕೋಲು ಸಮುದ್ರ ಸೇರಿ ಮೀನುಗಳ ಹೊಟ್ಟೆಗೆ ಹೋಗುತ್ತದೆಂಬುದು ತಮ್ಮ ಚಿಂತೆಯಲ್ಲವೇ? ನನ್ನ ಮನೆಗೆ ಬಂದ ಥರ್ಮೋಕೋಲಿನ ಒಂದೇ ಒಂದು ಕಾಳು ಹೊರಗೆ ಹೋದ ದಾಖಲೆಯಿಲ್ಲ. ಕೋಟೆಯಾಗಿ, ಕಣಿವೆಯಾಗಿ ಅದು ನಮ್ಮ ಮಂಚಗಳ ಕೆಳಗೆ, ಬೀರುವಿನ ಮೇಲೆ, ಹೆಂಡತಿಯ ಸೀರೆಗಳ ನಡುವೆ ನೆಲೆ ಕಂಡುಕೊಂಡಿದೆ. ಭೂಮಿಯ ಹಿತದೃಷ್ಟಿಯಿಂದಲೇ ತಾವು ಇಡೀ ದೇಶದ ಥರ್ಮೋಕೋಲನ್ನು ನನಗೆ ಕಳುಹಿಸಬೇಕಿತ್ತು. ಹೆಂಡತಿಯ ಅಭಿಪ್ರಾಯ ಬೇರೆ ಇರಬಹುದು, ಈ ಪತ್ರದಲ್ಲಿ ಅದು ಅಪ್ರಸ್ತುತ.

ತಮ್ಮ ಗ್ರಾಹಕ ಸೇವೆಗೆ ಫೋನು ಮಾಡಿದೆ. ಬಹಳ ವಿನಯವಂತ ಹೆಣ್ಣುಮಗಳೊಬ್ಬಳು ಮಾತಾಡಿದಳು. ಫ್ರಿಜ್ಜಿನಲ್ಲಿ ಬೆಟ್ಟ ಬಂದಿಲ್ಲ ಎಂದು ನಾನು ಹೇಳಿದ್ದನ್ನು ಮೂರು ಸಲ ಕೇಳಿಸಿಕೊಂಡು, ತನ್ನ ಕಂಪ್ಯೂಟರಿನಲ್ಲಿ ನಾಲ್ಕೇ ಬಗೆಯ ದೂರುಗಳಿವೆ, ತಣ್ಣಗಾಗುತ್ತಿಲ್ಲ, ಸದ್ದು ಬರುತ್ತಿದೆ, ನೀರು ಸೋರುತ್ತಿದೆ, ಒಳಗೆ ಬೆಳಕಿಲ್ಲ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದಳು. ನನ್ನ ಅಂದಿನ ಮನಸ್ಥಿತಿಗೆ ಹತ್ತಿರವಾದದ್ದು ಕೊನೆಯದು, ಅದನ್ನೇ ಆರಿಸಿಕೊಂಡೆ. ಮರುದಿನ ತಮ್ಮ ಮೆಕ್ಯಾನಿಕ್ಕು ಬಂದು ಉರಿಯುತ್ತಿದ್ದ ಬಲ್ಬನ್ನು ತೆಗೆದು ಇನ್ನೊಂದು ಬಲ್ಬು ಹಾಕಿದ. ನಾನು ಮತ್ತೆ ಫೋನು ಮಾಡಿದೆ, ಅವನು ಮತ್ತೆ ಬಂದ, ಮೊದಲಿನ ಬಲ್ಬನ್ನೇ ಹಾಕಿದ. ಮೂರನೆಯ ಸಲ ಅವನಿಗೆ ಕೂರಲು ಹೇಳಿ ಮೇಜು ತೋರಿಸಿ ಎಲ್ಲವನ್ನೂ ವಿವರಿಸಿದೆ. ಅವನಿಗೂ ಒಬ್ಬರು ಅತ್ತೆ ಇದ್ದಾರಂತೆ; ಅವರನ್ನು ಕಳುಹಿಸುವ ಉಪಾಯವಾದರೆ ತನಗೆ ಗೊತ್ತಿದೆ, ಇರಿಸಿಕೊಳ್ಳುವ ಉಪಾಯ ಹುಡುಕುವವರನ್ನು ಈಗಲೇ ನೋಡಿದ್ದು ಅಂದ. ಸಂಜೆ ತಮ್ಮ ಸರ್ವಿಸ್ ಸೆಂಟರಿನ ಹಿತ್ತಿಲಿನಿಂದ, ಅಲ್ಲಿನವರು ಚಹಾ ಕುಡಿಯುವಾಗ ಕೂರಲು ಬಳಸುತ್ತಿದ್ದ ಹಳೆಯ ಮಾಡೆಲಿನ ತಳದ ತುಂಡೊಂದನ್ನು ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದುಕೊಂಡು ತಂದುಕೊಟ್ಟ. ಈ ವಿಷಯ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾನೆ. ನಾನು ಈವರೆಗೆ ಒಬ್ಬರಿಗೂ ಹೇಳಿಲ್ಲ, ಈ ಬಹಿರಂಗ ಪತ್ರವೊಂದನ್ನು ಬಿಟ್ಟರೆ.

ಮೂರು ಹಂತ, ಹಿಂದೆ ಪೊಟರೆ, ಅದೇ ನನ್ನ ಕನಸಿನ ಬೆಟ್ಟ. ಅತ್ತೆಯವರ ಕಣ್ಣಿಗೆ ಬೀಳದಂತೆ ಕ್ಲಿನಿಕ್ಕಿನಲ್ಲೇ ಕೆಲಸ ಮಾಡಿದೆ. ಬಿಸಿ ಚಾಕುವಿನಿಂದ ಕಡಿದಾದ ಕಲ್ಲುಗೋಡೆ ಕೆತ್ತಿದೆ, ಕುದುರೆಗಳು ಒಂದರ ಹಿಂದೊಂದು ಮಾತ್ರ ಹೋಗಬಲ್ಲ ಕಾಲುದಾರಿ ಕೊರೆದೆ, ಪೊಟರೆಯನ್ನು ಇನ್ನಷ್ಟು ತೋಡಿ ಇಡೀ ಪಾಳಯವೇ ಅಡಗುವಂಥ ಬೆನ್ನು ಮಾಡಿದೆ. ಡಾಕ್ಟರು ರೋಗಿಯನ್ನು ಬಾಯಿ ಕಳೆಸಿ ಕೂರಿಸಿ, ಹಲ್ಲಿನ ಸೆಟ್ಟು ಎಲ್ಲಿ ಎಂದು ಕೇಳಲು ಒಳಗೆ ಬಂದವರು, ಬೆಟ್ಟ ನೋಡಿ ಹಾಗೇ ಹಿಂದಕ್ಕೆ ಹೋದರು. ಬಣ್ಣವೊಂದು ಬಾಕಿ ಇರುವಾಗ ಆ ಕೊನೆಯ ಭಾನುವಾರವೂ ಬಂದುಬಿಟ್ಟಿತು.

ಇಲ್ಲಿ ಒಂದು ಮಾತು. ಥರ್ಮೋಕೋಲಿಗೆ ಡಬ್ಬಿಯಿಂದ ಸ್ಪ್ರೇ ಹೊಡೆಯಬಾರದು. ಮೊದಲು ಗೋಂದು ಬೆರೆಸಿದ ಬಣ್ಣವನ್ನು ಬ್ರಷ್ಷಿನಿಂದ ದಪ್ಪಗೆ ಬಳಿದು, ಅದು ಪೂರ್ತಿ ಒಣಗಿದ ಮೇಲಷ್ಟೇ ಮುಂದಿನ ಮಾತು. ಇದು ಈ ಹುಚ್ಚಿನವರಿಗೆಲ್ಲ ಗೊತ್ತಿರುವ ಮೊದಲ ಪಾಠ, ನಾನೇ ಎಷ್ಟೋ ಜನರಿಗೆ ಬೆರಳು ಅಲ್ಲಾಡಿಸಿ ಹೇಳಿಕೊಟ್ಟಿದ್ದೇನೆ. ಆದರೆ ಕಾರು ಹೊರಟಿದೆಯೆಂದು ಷಡ್ಡಕನ ಫೋನು ಬಂದಿತ್ತು, ಬ್ರಷ್ಷು ಹಿಡಿದರೆ ಒಣಗಲು ಅರ್ಧ ದಿನ ಬೇಕಿತ್ತು, ಕ್ಲಿನಿಕ್ಕಿನ ಗೇಟಿಗೆ ಬಳಿದು ಉಳಿದ ಕಪ್ಪು ಸ್ಪ್ರೇ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಕುಲುಕಿದೆ, ಒತ್ತಿದೆ. ಬುಸ್ಸೆಂದಿತು. ಮೊದಲು ತುದಿ ಕುಸಿಯಿತು. ನನ್ನ ಕಣ್ಣೆದುರಿಗೇ ಕಾಲುದಾರಿ ಕರಗಿ ಕಲ್ಲುಗೋಡೆಯೊಳಗೆ ಇಳಿಯಿತು, ಕಲ್ಲುಗೋಡೆ ನೊರೆಯಂತೆ ಬಸಿದು ಒಳಗಿನ ಪೊಟರೆಗೆ ತೂತು ಬಿತ್ತು. ಎರಡು ಪಾಳಯಗಳು ಸೇರಿ ವರ್ಷಗಟ್ಟಲೆ ಮಾಡಲಾಗದ ನಾಶವನ್ನು ನಾನೊಬ್ಬನೇ ಒಂದು ಬೆರಳಿನಿಂದ ಮಾಡಿ ಮುಗಿಸಿದೆ. ನಿಲ್ಲಿಸಬೇಕೆಂದು ತೋಚುವಷ್ಟರಲ್ಲಿ ನಿಲ್ಲಿಸುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ, ಮಾನ್ಯರೇ. ಪ್ರಾಯ ಸಂದ ಗಂಡಸು ಥರ್ಮೋಕೋಲಿಗಾಗಿ ಅಳುವುದೇ ಎಂದು ತಾವು ಮೂಗು ಮುರಿದರೂ ಚಿಂತೆಯಿಲ್ಲ.

ಅದನ್ನು ಎತ್ತಿಕೊಂಡು ಮನೆಗೆ ಓಡಿದೆ. ಅಂದು ಲಿಫ್ಟು ಎಂದೂ ಇಲ್ಲದಷ್ಟು ಚುರುಕಾಗಿ ಓಡಾಡುತ್ತಿತ್ತು. ಅದಕ್ಕೂ ಅತ್ತೆಯವರನ್ನು ಕಳುಹಿಸುವ ಆತುರ. ಷಡ್ಡಕ ಎರಡು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ಅಕ್ಕ ಔಷಧಿಗಳನ್ನು ಚೀಲಕ್ಕೆ ಹಾಕುತ್ತಿದ್ದಳು. ಹೆಂಡತಿ ಯಾರ ಮುಖವನ್ನೂ ನೋಡದೆ ಹೊಸ ಫ್ರಿಜ್ಜನ್ನು ಒರೆಸುತ್ತಿದ್ದಳು. ಅತ್ತೆಯವರು ಇಸ್ತ್ರಿ ಮಾಡಿದ ಸೀರೆಯುಟ್ಟು ಊರುಗೋಲು ಹಿಡಿದು ಹೊರಡಲು ಎದ್ದವರು, ನನ್ನ ಕೈಯಲ್ಲಿದ್ದದ್ದನ್ನು ನೋಡಿ, ಅದೇನೆಂದು ಕೇಳಿದರು.

ಬೆಟ್ಟ ಅಂದೆ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಸ್ಪ್ರೇಯಲ್ಲಿರುವ ದ್ರಾವಣ ಥರ್ಮೋಕೋಲನ್ನು ಹೇಗೆ ತಿನ್ನುತ್ತದೆಂದೂ, ಬೆನ್ನು ಎಷ್ಟು ಚೆನ್ನಾಗಿ ಬಂದಿತ್ತೆಂದೂ, ಫ್ರಿಜ್ಜು ಯಾಕೆ ತಂದದ್ದೆಂದೂ, ಆತುರದಲ್ಲಿ ಹಾಳುಮಾಡಿದೆನೆಂದೂ ಹೇಳುತ್ತಲೇ ಹೋದೆ. ಒರೆಸುವ ಬಟ್ಟೆ ಹಿಡಿದ ಹೆಂಡತಿಯ ಕೈ ನಿಂತುಹೋಯಿತು. ಅತ್ತೆಯವರು ಮಾತ್ರ ಕೊನೆಯವರೆಗೂ ಕೇಳಿಸಿಕೊಂಡು, ತಣ್ಣಗೆ ಅಂದರು: "ಆತುರ ಯಾಕೆ ಪಟ್ರಿ? ನಾನು ಹೋದ್ಮೇಲೆ ನಿಧಾನಕ್ಕೆ ಮಾಡ್ಬಹುದಿತ್ತು. ಜಾಗ ಎಷ್ಟು ಬರುತ್ತೆ ಅಂತ ನನ್ನ ಮಂಚ ಅಳೆದು ಇಟ್ಕೊಂಡಿದ್ರಲ್ಲ."

ಹಜಾರದ ಬಾಗಿಲಿನ ಸಂದಿಯಿಂದ ಅವರು ನೋಡಿದ್ದರು, ಮಾನ್ಯರೇ. ತಮ್ಮ ಅಳಿಯ ತಮ್ಮ ಮಂಚಕ್ಕೆ ಟೇಪು ಹಿಡಿದು ಲೆಕ್ಕ ಹಾಕುತ್ತಿದ್ದುದನ್ನು ನೋಡಿ, ಕೋಣೆ ಬೇಕಾಗಿದೆಯೆಂದು ತಿಳಿದು, ಬಾಯಿಬಿಟ್ಟು ಹೇಳಿಸಿಕೊಳ್ಳುವ ಮೊದಲೇ ಮರ್ಯಾದೆಯಿಂದ ಹೊರಟಿದ್ದರು. ನಾನು ಅವರನ್ನು ಉಳಿಸಿಕೊಳ್ಳಲು ಬೆಟ್ಟ ಕಟ್ಟುತ್ತಿದ್ದರೆ, ಅವರು ಆ ಬೆಟ್ಟಕ್ಕೆ ಜಾಗ ಬಿಟ್ಟುಕೊಡುತ್ತಿದ್ದರು. ಬುಡಕ್ಕೆ ಕೊಡಲಿ ಹಾಕಿದವನು ನಾನೇ ಎಂದು ಆಗ ಗೊತ್ತಾಯಿತು.

"ಮಂಚದ ಎತ್ತರ ಅಳೆದೆ," ಅಂದೆ. "ನೀವು ಕೂತಲ್ಲೇ ಕೂತು ಆಡೋ ಹಾಗೆ ಮೇಜಿನ ಕಾಲು ಕತ್ತರಿಸೋಣ ಅಂತ. ಮಂಡಿ ನೋಯುತ್ತಲ್ಲ ನಿಮಗೆ. ಹೋಗ್ಬೇಡಿ ಅತ್ತೆ. ನೀವು ಹೋದ್ರೆ ನನಗೆ ಈ ಮನೇಲಿ ಸೋಲೋಕೂ ಯಾರೂ ಇರಲ್ಲ."

ಅತ್ತೆಯವರು ನನ್ನನ್ನು ನೋಡಿದರು, ಕರಗಿದ ಬೆಟ್ಟವನ್ನು ನೋಡಿದರು, ಅಡುಗೆಮನೆಯಲ್ಲಿ ಗುರ್ ಎನ್ನುತ್ತಿದ್ದ ತಮ್ಮ ಕಂಪನಿಯ ಎರಡು ಬಾಗಿಲಿನ ಯಂತ್ರವನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇಷ್ಟು ಹೇಳೋಕೆ ಫ್ರಿಜ್ಜು ತರಬೇಕಿತ್ತೇನ್ರಿ?" ಅಂದರು.

ಅಂದು ಬ್ಯಾಗುಗಳು ಹೊರಗೆ ಹೋಗಲಿಲ್ಲ. ಊಟಕ್ಕೆ ಮೊದಲು ಒಂದು ಕೈ ನೋಡಿಯೇಬಿಡೋಣವೆಂದು ಅತ್ತೆಯವರು ಮೇಜಿನ ಮುಂದೆ ಕೂತು, ಕರಗಿದ ಬೆಟ್ಟವನ್ನು ಹಿಂದೆ ಮುಂದೆ ತಿರುಗಿಸಿ, ಸ್ಪ್ರೇ ಕೊರೆದ ತೂತಿನಿಂದ ನನ್ನ ಸೇತುವೆ ನೇರವಾಗಿ ಕಾಣುವುದನ್ನು ಗುರುತಿಸಿ, ಅದರೊಳಗೆ ಬಿಲ್ಲುಗಾರರನ್ನು ಕೂರಿಸಿದರು. ನನ್ನ ಪಾಳಯ ಎಂದಿಗಿಂತ ಬೇಗ ನೆಲಕಚ್ಚಿತು. ಅಷ್ಟು ಸುಖವಾಗಿ ನಾನು ಯಾವತ್ತೂ ಸೋತಿಲ್ಲ. ಷಡ್ಡಕ ಕಾರಿನ ಕೀಲಿ ತಿರುಗಿಸುತ್ತ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದ, ಅತ್ತೆಯವರು ಗೆದ್ದು ನಕ್ಕಾಗ ಅವರ ಮುಖವನ್ನು ಇನ್ನೂ ಹೆಚ್ಚು ಹೊತ್ತು ನೋಡಿದ. ನಡುನಡುವೆ ಒಂದೆರಡು ಪ್ರಶ್ನೆ ಕೇಳಿದ. ಆಗ ನಾನು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ.

ಹಾಗಾದರೆ ಇದರಲ್ಲಿ ನಮ್ಮ ತಪ್ಪೇನೆಂದು ತಾವು ಕೇಳುವಿರಿ. ನ್ಯಾಯವಾಗಿ ನೋಡಿದರೆ ಏನೂ ಇಲ್ಲ. ಆದರೆ ಇಷ್ಟು ದೂರ ಬಂದ ದೂರನ್ನು ಖಾಲಿ ಕೈಯಲ್ಲಿ ಹಿಂದಿರುಗಿಸುವುದು ತಮ್ಮಂಥವರಿಗೆ ಶೋಭೆಯಲ್ಲವಾದ್ದರಿಂದ ಕೆಲವು ಸಣ್ಣ ಬೇಡಿಕೆಗಳನ್ನು ಮುಂದಿಡುತ್ತೇನೆ. ಥರ್ಮೋಕೋಲನ್ನು ಪ್ರತ್ಯೇಕವಾಗಿ ಮಾರಿ, ಅದರ ಜೊತೆಗೆ ಫ್ರಿಜ್ಜನ್ನು ಉಚಿತವಾಗಿ ಕೊಡುವ ಯೋಜನೆಯನ್ನು ತಾವು ಪರಿಶೀಲಿಸಬೇಕು. ಅದು ಆಗದಿದ್ದರೆ ಆ ಕಾಗದದ ಮುದ್ದೆಯನ್ನಾದರೂ ಅಚ್ಚು ಹಾಕುವಾಗ ಒಂದು ಕಣಿವೆ, ಎರಡು ಇಕ್ಕಟ್ಟಾದ ದಾರಿ, ಸಾಧ್ಯವಾದರೆ ಬಿದ್ದುಹೋದ ಒಂದು ದೇಗುಲವನ್ನು ಅದರಲ್ಲೇ ಮೂಡಿಸಬೇಕು. ಫ್ರಿಜ್ಜಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ನಗುವ ಎಲೆಯ ಚಿತ್ರವನ್ನು ತೆಗೆದು, ಪೆಟ್ಟಿಗೆ ಬಿಚ್ಚುವವನ ಮುಖ ನೋಡಿಕೊಂಡು ನಗುವ ಅಥವಾ ನಗದಿರುವ ಎಲೆಯನ್ನು ಹಾಕಬೇಕು. ಗ್ರಾಹಕ ಸೇವೆಯ ಆ ಹೆಣ್ಣುಮಗಳ ಕಂಪ್ಯೂಟರಿಗೆ ಐದನೆಯ ಬಗೆಯ ದೂರೊಂದನ್ನು ಸೇರಿಸಬೇಕು: ಯಂತ್ರ ಸರಿಯಿದೆ, ಮಾತಾಡಲು ಯಾರಾದರೂ ಬೇಕು. ಈ ಬೇಡಿಕೆಗಳನ್ನು ತಾವು ಈಡೇರಿಸಿದರೆ ತಮ್ಮ ಕಂಪನಿಯ ಕೀರ್ತಿ ದಿಕ್ಕುದಿಕ್ಕಿಗೆ ಹಬ್ಬಲಿ ಎಂದು ನಾವು ಅತ್ತೆ ಅಳಿಯ ಇಬ್ಬರೂ ಕೂತು ಹಾರೈಸುತ್ತೇವೆ. ನಿಂತು ಹಾರೈಸಲು ಅವರ ಮಂಡಿ ಇನ್ನೂ ಬಿಡುತ್ತಿಲ್ಲ.

ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡಿದ್ದಕ್ಕೆ ಕ್ಷಮೆಯಿರಲಿ. ತಮ್ಮ ಉತ್ತರಕ್ಕಾಗಿ ಕಾಯುತ್ತೇನೆ. ದಯವಿಟ್ಟು ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಕಳುಹಿಸಿ.

ತಮ್ಮ ವಿಶ್ವಾಸಿ,

ಮೂರನೆಯ ಮಹಡಿಯ ಕಟ್ಟುಹಲ್ಲಿನವನು,
ನೀಲಿ ಪಾಳಯದ ಸೋತ ಸೇನಾಪತಿ

ತಾ.ಕ.: ಈ ಪತ್ರ ಮುಗಿಸುತ್ತಿರುವಾಗಲೇ ಒಂದು ಸುದ್ದಿ ಬಂದಿದೆ. ನನ್ನ ಷಡ್ಡಕ ತಮ್ಮದೇ ಕಂಪನಿಯ ದೊಡ್ಡ ವಾಷಿಂಗ್ ಮೆಷಿನ್ನಿಗೆ ಆರ್ಡರು ಕೊಟ್ಟಿದ್ದಾನಂತೆ. ಅವನ ಮನೆಯಲ್ಲಿ ಈಗಾಗಲೇ ಒಂದು ಇದೆ, ಚೆನ್ನಾಗಿಯೇ ಒಗೆಯುತ್ತಿದೆ. ಪೆಟ್ಟಿಗೆಯೊಳಗೆ ಏನೇನು ಬರುತ್ತದೆಂದು ನಿನ್ನೆ ಫೋನಿನಲ್ಲಿ ನನ್ನನ್ನು ಬಹಳ ಮುಗ್ಧವಾಗಿ ಕೇಳಿದ. ತಮ್ಮ ಉಗ್ರಾಣದ ಯಾವುದೋ ಮೂಲೆಯಲ್ಲಿ ಹಳೆಯ ಥರ್ಮೋಕೋಲು ಉಳಿದಿದ್ದರೂ, ಅವನ ಪೆಟ್ಟಿಗೆಗೆ ಮಾತ್ರ ದಯವಿಟ್ಟು ಆ ಕಾಗದದ ಮುದ್ದೆಯನ್ನೇ ತುಂಬಿ ಕಳುಹಿಸಿ. ಭೂಮಿಯನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ.